ಹಳೇ ಜಿಟಿ, ಟಿ-ಜೆಟ್, ಜಿಪ್ಸಿಗೆ ಎಷ್ಟು ಕೊಡಬಹುದು? ದಾವಣಗೆರೆ, ಚಿತ್ರದುರ್ಗದವರಿಗೆ ಬೆಲೆ ಲೆಕ್ಕದ ಪೂರ್ತಿ ಕ್ರಮ

ನಮ್ಮ ಕಡೆ ಹುಡುಗರು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವುತ್ತಿದ್ದಾರೆ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ, ಫಿಯೆಟ್ ಲಿನಿಯಾ ಟಿ-ಜೆಟ್, ಫೋರ್ಡ್ ಫಿಗೋ 1.5 ಡೀಸೆಲ್, ಮಾರುತಿ ಜಿಪ್ಸಿ, ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಇಂಥ ಹುಚ್ಚು ಹಿಡಿಸುವ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಮೊದಲು ಓಡಿಸುತ್ತಾರೆ, ಪಿಕಪ್ ನೋಡಿ ಮನಸ್ಸು ಸೋಲುತ್ತದೆ, ಅಲ್ಲೇ ಅಡ್ವಾನ್ಸ್ ಕೊಟ್ಟು ಬಿಡುತ್ತಾರೆ, ಊರಿಗೆ ಬಂದ ಮೇಲೆ ಆರ್‌ಸಿ ಬಿಡಿಸಿ ನೋಡುತ್ತಾರೆ. ಈ ಕ್ರಮ ಪೂರ್ತಿ ತಲೆಕೆಳಗು.

ಸ್ವಿಫ್ಟ್, ವ್ಯಾಗನ್‌ಆರ್ ಬೆಲೆ ಯಾವ ಕನ್ಸಲ್ಟೆಂಟ್‌ನನ್ನು ಕೇಳಿದರೂ ಹತ್ತು ಸಾವಿರ ಆಚೀಚೆ ಗೊತ್ತಾಗುತ್ತದೆ. ಇಂಥ ಗಾಡಿಗಳು ಮಾರ್ಕೆಟ್‌ಗೆ ಬರುವುದೇ ಕಡಿಮೆ. ಬಂದಾಗ ಮಾರುವವರು ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಅದು ಜಾಸ್ತಿಯೋ ಸರಿಯೋ ಅಂತ ನೀವೇ ಲೆಕ್ಕ ಹಾಕಬೇಕು.

ಲೆಕ್ಕ ಇಷ್ಟೇ. ಅದೇ ಮಾಡೆಲ್‌ನ ಚೆನ್ನಾಗಿರುವ ಗಾಡಿಗೆ ಮಾರ್ಕೆಟ್‌ನಲ್ಲಿ ಎಷ್ಟಿದೆ ನೋಡಿ. ನಿಮ್ಮ ಮುಂದಿರುವ ಗಾಡಿಯನ್ನು ಆ ಮಟ್ಟಕ್ಕೆ ತರಲು ಎಷ್ಟಾಗುತ್ತದೆ ಅದನ್ನು ಕಳೆಯಿರಿ. ಕಾಗದದ ಖರ್ಚು ಕಳೆಯಿರಿ. ಉಳಿದದ್ದು ನ್ಯಾಯದ ಬೆಲೆ. ಕೆಳಗಿನ ಹಂತಗಳೆಲ್ಲ ಈ ಕಳೆಯುವ ಲೆಕ್ಕವನ್ನು ಸರಿಯಾಗಿ ಮಾಡಲಿಕ್ಕೇ ಇರುವುದು.

## ಜೊತೆಗೆ ಒಯ್ಯಬೇಕಾದದ್ದು

ಒಳ್ಳೆಯ ಟಾರ್ಚ್, ಹಳೇ ಬಟ್ಟೆ, ನೋಟ್‌ಬುಕ್, ಪೆನ್ನು. ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನಲ್ಲಿರುವ ದೋಷಗಳನ್ನು ಓದುವ ಸಾಧನ) ಮತ್ತು ಅದರ ಆ್ಯಪ್. ಸಿಕ್ಕರೆ ಪೇಂಟ್ ದಪ್ಪ ಅಳೆಯುವ ಗೇಜ್. ಆರೇಳು ಲಕ್ಷ ಕೊಡುವ ಮೊದಲು ಎರಡು ಮೂರು ಸಾವಿರದ ಗೇಜ್ ಕೊಳ್ಳಲು ಯಾರೂ ಹಿಂದೆ ಮುಂದೆ ನೋಡಬಾರದು. ನಾಲ್ಕು ಜನ ಗೆಳೆಯರು ಸೇರಿ ಒಂದು ಇಟ್ಟುಕೊಂಡರೂ ಸಾಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಆದರೆ ಸಾದಾ ಸ್ಕ್ಯಾನರ್ ಸಾಲದು, ಆ ಕಂಪನಿಯ ಗಾಡಿಗಳನ್ನು ಪೂರ್ತಿ ಓದುವ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಬೇಕು.

ಇನ್ನೊಂದು ಮಾತು. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಆದರೆ ಆ ಗಾಡಿ ಬಗ್ಗೆ ನಿಮ್ಮಷ್ಟೇ ಹುಚ್ಚಿರುವವರು ಬೇಡ.

## ಹಂತ 1: ಅದು ನಿಜವಾಗಿ ಯಾವ ವೇರಿಯೆಂಟ್ ಎಂದು ತಿಳಿಯಿರಿ

ಬ್ಯಾಡ್ಜ್ ಯಾವ ಆ್ಯಕ್ಸೆಸರೀಸ್ ಅಂಗಡಿಯಲ್ಲಿ ಬೇಕಾದರೂ ಸಿಗುತ್ತದೆ, ಹಾಗಾಗಿ ಬ್ಯಾಡ್ಜ್ ನೋಡಿ ಬೆಲೆ ಕಟ್ಟಬೇಡಿ. ಪೋಲೋ ಜಿಟಿ ಟಿಎಸ್‌ಐ 2013ರಲ್ಲಿ ಬಂತು: 1.2 ಟರ್ಬೋ ಪೆಟ್ರೋಲ್, 105 ಪಿಎಸ್ ಶಕ್ತಿ, 7 ಸ್ಪೀಡ್ ಡಿಎಸ್‌ಜಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಮಾಮೂಲಿ 1.2 ಪೆಟ್ರೋಲ್ ಪೋಲೋ ಕೂಡ ಇತ್ತು. ಒಂದು 1197 ಸಿಸಿ, ಇನ್ನೊಂದು 1198, ಸಿಸಿ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸಿಲಿಂಡರ್ ನೋಡಿ. ಜಿಟಿಯದು 4, ಮಾಮೂಲಿಯದು 3. 2020ರ ನಂತರದ ಟಿಎಸ್‌ಐ 1.0 ಲೀಟರ್, ಅದರಲ್ಲಿ ಆ ಡಿಎಸ್‌ಜಿ ಗೇರ್‌ಬಾಕ್ಸ್ ಇಲ್ಲ. ಹೆಸರು ಒಂದೇ ತರ ಕೇಳಿಸಿದರೂ ಗಾಡಿ ಬೇರೆ, ರಿಸ್ಕ್ ಬೇರೆ, ಬೆಲೆಯೂ ಬೇರೆ.

ಆಕ್ಟೇವಿಯಾಗೂ ಇದೇ ಮಾತು. ವಿಆರ್‌ಎಸ್ 230 ಎಂದರೆ 2.0 ಲೀಟರ್ ಎಂಜಿನ್. 1.8 ಟಿಎಸ್‌ಐಗೆ ವಿಆರ್‌ಎಸ್ ಬಂಪರ್ ಹಾಕಿದ್ದರೆ ಆರ್‌ಸಿಯಲ್ಲಿರುವ ಸಿಸಿಯೇ ಹೇಳುತ್ತದೆ.

ಜಿಪ್ಸಿಯಲ್ಲಿ 1.0 ಲೀಟರ್‌ನ ಎಂಜಿ410, 1.3 ಲೀಟರ್‌ನ ಎಂಜಿ413 ಎರಡೂ ಇವೆ. ಸೈನ್ಯದ ಹರಾಜಿನಲ್ಲಿ ಬಂದ ಗಾಡಿಗಳೂ ಬಹಳ ಓಡಾಡುತ್ತಿವೆ. ಅವು ತಯಾರಾದ ವರ್ಷ ಒಂದು, ರಿಜಿಸ್ಟರ್ ಆದ ವರ್ಷ ಇನ್ನೊಂದು ಇರುತ್ತದೆ. ಮಾರುವವರು ಹೊಸ ವರ್ಷವನ್ನೇ ಹೇಳುತ್ತಾರೆ. ನೀವು ತಯಾರಾದ ವರ್ಷಕ್ಕೆ ಬೆಲೆ ಕಟ್ಟಿ, ಹರಾಜಿನ ಕಾಗದ ಕೇಳಿ ನೋಡಿ.

## ಹಂತ 2: ಮೂಲ ಬೆಲೆ ಹುಡುಕಿ

ಅದೇ ವೇರಿಯೆಂಟ್, ಒಂದೆರಡು ವರ್ಷ ಆಚೀಚೆ ಇರುವ ಗಾಡಿಗಳ ಜಾಹೀರಾತುಗಳನ್ನು ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಎಲ್ಲ ಕಡೆಯಿಂದ ಒಟ್ಟು ಮಾಡಿ. ಹತ್ತು ಹದಿನೈದು ಸಿಗಬೇಕು. ತೀರಾ ಮೇಲಿನದು, ತೀರಾ ಕೆಳಗಿನದು ಬಿಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಏನೆಂದರೆ ಜಾಹೀರಾತಿನ ಬೆಲೆಯನ್ನೇ ಮಾರ್ಕೆಟ್ ಬೆಲೆ ಎಂದುಕೊಳ್ಳುವುದು. ಅದು ಮಾರುವವರ ಆಸೆಯ ಬೆಲೆ. ಒಂದು ತಿಂಗಳು ಕಣ್ಣಿಟ್ಟು ನೋಡಿ. ಎರಡು ಮೂರು ದಿನದಲ್ಲಿ ಮಾಯವಾದವು ಯಾವ ಬೆಲೆಯಲ್ಲಿದ್ದವು, ತಿಂಗಳಾದರೂ ಕದಲದೆ ಕೂತವು ಯಾವ ಬೆಲೆಯಲ್ಲಿವೆ, ಬರೆದಿಟ್ಟುಕೊಳ್ಳಿ. ಮಾರ್ಕೆಟ್ ಬೆಲೆ ಈ ಎರಡರ ನಡುವೆ ಇರುತ್ತದೆ. ಮಾರಿದವರಿಗೆ ಫೋನ್ ಮಾಡಿ "ಸರ್, ಕೊನೆಗೆ ಎಷ್ಟಕ್ಕೆ ಹೋಯ್ತು?" ಅಂತ ಕೇಳಿದರೆ ಬಹಳ ಜನ ಹೇಳುತ್ತಾರೆ. ಕೇಳಲು ಸಂಕೋಚ ಬೇಡ.

ದೆಹಲಿ ನಂಬರ್ ಗಾಡಿಯ ಬೆಲೆ ಹಿಡಿದು ಇಲ್ಲಿ ವಾದ ಮಾಡಬೇಡಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದಾಗಿನಿಂದ ಹಳೇ ಗಾಡಿಗಳು ಅಗ್ಗಕ್ಕೆ ಹೊರಗೆ ಬರುತ್ತಿವೆ. ಅದೇ ಗಾಡಿ ಇಲ್ಲಿಗೆ ಬಂದು ಕೆಎ-17 (ದಾವಣಗೆರೆ ನಂಬರ್) ಆಗುವ ಹೊತ್ತಿಗೆ ಆಗುವ ಖರ್ಚೇ ಬೇರೆ. ಮುಂದಿನ ಹಂತ ಅದೇ.

## ಹಂತ 3: ಮನೆಯಲ್ಲಿ ಕೂತೇ ಕಾಗದ ನೋಡಿ

ಗಾಡಿ ನೋಡಲು ಹೊರಡುವ ಮೊದಲೇ ಆರ್‌ಸಿ, ಇನ್ಶೂರೆನ್ಸ್, ಸರ್ವಿಸ್ ದಾಖಲೆಯ ಫೋಟೋ ತರಿಸಿಕೊಳ್ಳಿ. ಕಳಿಸಲು ಸತಾಯಿಸಿದರೆ ಅಲ್ಲಿಗೇ ಬಿಡಿ. ನಂಬರ್ ಹಾಕಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಎಷ್ಟನೇ ಓನರ್, ಬ್ಯಾಂಕ್ ಸಾಲ ಇದೆಯಾ, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ, ಬಾಕಿ ಚಲನ್ ಎಷ್ಟಿವೆ.

ಬೆಲೆಯಿಂದ ಕಳೆಯಬೇಕಾದ ಕಾಗದದ ಖರ್ಚು ಇವು:

ಬೇರೆ ರಾಜ್ಯದ ಗಾಡಿ. ಅಲ್ಲಿಂದ ಎನ್‌ಓಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಅಂದರೆ ಫಾರ್ಮ್ 28 ಬೇಕು. ಜೊತೆಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ನಮ್ಮ ರಾಜ್ಯದಲ್ಲಿ ಈ ತೆರಿಗೆ ಜಾಸ್ತಿ: ಹೊಸ ಗಾಡಿಯ ಬೆಲೆ 5ರಿಂದ 10 ಲಕ್ಷ ಇದ್ದರೆ 14%, 10ರಿಂದ 20 ಲಕ್ಷಕ್ಕೆ 17%, ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸಿನ ಮೇಲೆ ಕಡಿಮೆಯಾಗುತ್ತದೆ. ಆದರೂ ಹತ್ತು ಹನ್ನೆರಡು ಲಕ್ಷದ ಗಾಡಿಗೆ ಸುಲಭವಾಗಿ ಲಕ್ಷದ ಹತ್ತಿರ ಹೋಗಬಹುದು. ಆರ್‌ಟಿಓದಲ್ಲಿ ಆ ಗಾಡಿಗೆ ನಿಖರವಾಗಿ ಎಷ್ಟೆಂದು ಕೇಳಿ, ಅಷ್ಟನ್ನೂ ಕಳೆಯಿರಿ. ಹಳೇ ರಾಜ್ಯದಿಂದ ಟ್ಯಾಕ್ಸ್ ವಾಪಸ್ ಬರುತ್ತದೆ ಅಂತ ಮಾರುವವರು ಹೇಳಿದರೆ ಆ ದುಡ್ಡನ್ನು ನಂಬಿ ಬೆಲೆ ಏರಿಸಬೇಡಿ.

ಬ್ಯಾಂಕ್ ಸಾಲ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಇದ್ದರೆ ಮಾರುವವರೇ ಬ್ಯಾಂಕ್ ಎನ್‌ಓಸಿ ಮತ್ತು ಫಾರ್ಮ್ 35 ಕೊಟ್ಟು ತೆಗೆಸಬೇಕು. "ಆಮೇಲೆ ಮಾಡಿಸಿ ಕೊಡ್ತೀನಿ" ಎಂದರೆ ದುಡ್ಡನ್ನೂ ಆಮೇಲೆಯೇ ಕೊಡಿ.

15 ವರ್ಷ. ಖಾಸಗಿ ಕಾರಿನ ಆರ್‌ಸಿ 15 ವರ್ಷ. ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಕಾರಿಗೆ 5,000 ರೂಪಾಯಿಗೆ ಏರಿತು. ಶುಲ್ಕಕ್ಕಿಂತ ಅದಕ್ಕೆ ಗಾಡಿ ತಯಾರು ಮಾಡುವ ಖರ್ಚು ದೊಡ್ಡದು. 13, 14 ವರ್ಷದ ಹಳೇ ಗಾಡಿ ನೋಡುತ್ತಿದ್ದರೆ ಈ ಖರ್ಚು ನಿಮ್ಮ ಪಾಲಿಗೇ ಬರುತ್ತದೆ.

## ಹಂತ 4: ತಣ್ಣಗಿರುವ ಎಂಜಿನ್ ಬೇಕು ಎಂದು ಹೇಳಿ

ಬೆಳಿಗ್ಗೆಯೇ ಹೋಗಿ. "ಅಣ್ಣಾ, ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಎಚ್ಚರವಾಗಿರಿ. ಸಂಜೆ ಹೊತ್ತು, ಮಳೆ ಬಂದು ಗಾಡಿ ಒದ್ದೆಯಾಗಿದ್ದಾಗ, ಬೇಸ್‌ಮೆಂಟ್ ಕತ್ತಲಲ್ಲಿ ಬಾಡಿ ನೋಡಬೇಡಿ.

## ಹಂತ 5: ಬಾಡಿ

ಕಂಪನಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಒಳಗೆ ಇರುತ್ತದೆ. 200 ದಾಟಿದರೆ ಮತ್ತೆ ಪೇಂಟ್ ಆಗಿದೆ. 500, 600 ತೋರಿಸಿದರೆ ಒಳಗೆ ಪುಟ್ಟಿ ಇದೆ. ಒಂದು ಬಂಪರ್, ಒಂದು ಡೋರ್ ಪೇಂಟ್ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಊರೊಳಗೆ ಓಡುವ ಗಾಡಿಗೆ ಅದು ಸಹಜ. ಛಾವಣಿ, ಪಿಲ್ಲರ್, ಬಾಗಿಲಿನ ಒಳ ಅಂಚುಗಳಲ್ಲಿ ದಪ್ಪ ಪೇಂಟ್ ಸಿಕ್ಕರೆ ಮಾತ್ರ ದೊಡ್ಡ ಆ್ಯಕ್ಸಿಡೆಂಟ್ ಆಗಿದೆ ಎಂದು ತಿಳಿದುಕೊಳ್ಳಿ.

ಬಾನೆಟ್ ಮತ್ತು ಫೆಂಡರ್ ಬೋಲ್ಟ್‌ಗಳ ತಲೆ ನೋಡಿ. ಸ್ಪ್ಯಾನರ್ ಗುರುತಿದ್ದರೆ ಬಿಚ್ಚಿದ್ದಾರೆ. ಸ್ಟೆಪ್ನಿ ತೆಗೆದು ಕೆಳಗಿನ ತಗಡು ನೋಡಿ. ಅಲ್ಲಿ ಸುಕ್ಕು, ಹೊಸ ವೆಲ್ಡಿಂಗ್ ಇದ್ದರೆ ಹಿಂದಿನಿಂದ ಗುದ್ದಿಸಿಕೊಂಡಿದೆ. ಚಾಸಿಸ್ ನಂಬರ್ ಆರ್‌ಸಿಗೆ ಅಕ್ಷರ ಅಕ್ಷರ ಹೊಂದಬೇಕು.

2015ರ ಚೆನ್ನೈ ಪ್ರವಾಹ, 2022ರ ಬೆಂಗಳೂರಿನ ಮಳೆ ಎರಡರಲ್ಲೂ ದುಬಾರಿ ಗಾಡಿಗಳು ನೀರಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ಕೆಳಗಿನ ರೈಲಿನಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಮುಗ್ಗಲು ವಾಸನೆ ಇದ್ದರೆ ಎಷ್ಟೇ ಅಗ್ಗವಾದರೂ ಬೇಡ. ನೀರು ಕುಡಿದ ವೈರಿಂಗ್ ರಿಪೇರಿಗೆ ಕೊನೆ ಇಲ್ಲ.

## ಹಂತ 6: ಎಂಜಿನ್ ಮತ್ತು ಸ್ಕ್ಯಾನ್

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕ್ಯಾಪ್, ಕೂಲಂಟ್ ಡಬ್ಬಿ ತೆಗೆದು ನೋಡಿ. ಕೂಲಂಟ್ ಮೇಲೆ ಎಣ್ಣೆ ತೇಲುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಸ್ಟಾರ್ಟ್ ಮಾಡುವಾಗ ಒಬ್ಬರು ಹಿಂದೆ ನಿಲ್ಲಲಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಬಂದರೆ ಕೂಲಂಟ್ ಒಳಗೆ ಹೋಗುತ್ತಿದೆ. ಟರ್ಬೋ ಗಾಡಿಯನ್ನು ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಒತ್ತಿ. ಆಗ ನೀಲಿ ಹೊಗೆ ಉಗುಳಿದರೆ ಟರ್ಬೋ ಸೀಲ್ ಮೇಲೆ ಅನುಮಾನ ಪಡಿ.

ಸ್ಕ್ಯಾನರ್ ಹಾಕಿದಾಗ "ಕೋಡ್ ಏನೂ ಇಲ್ಲ", ಅಂದರೆ ದೋಷ ಏನೂ ದಾಖಲಾಗಿಲ್ಲ ಅಂತ ಖುಷಿಪಡಬೇಡಿ. ಹಿಂದಿನ ದಿನ ಅಳಿಸಿರಬಹುದು. ಆ್ಯಪ್‌ನಲ್ಲಿ ರೆಡಿನೆಸ್ ಮಾನಿಟರ್ (ಗಾಡಿ ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯಾ ಎಂದು ತೋರಿಸುವುದು) ಎಂಬ ಭಾಗ ತೆರೆಯಿರಿ. ಬಹುಪಾಲು "ನಾಟ್ ರೆಡಿ" ಎಂದಿದ್ದರೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಕಾರಣ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಸ್ಕ್ಯಾನ್ ಮಾಡುತ್ತೇವೆ ಎನ್ನಿ.

ಮೀಟರ್ ಹಿಂದಕ್ಕೆ ತಿರುಗಿಸಿದ್ದನ್ನು ಹಿಡಿಯಲು ಸರ್ವಿಸ್ ಬಿಲ್‌ಗಳಲ್ಲಿರುವ ಕಿಲೋಮೀಟರ್ ಸಾಲಾಗಿ ಬರೆಯಿರಿ. 45,000 ಓಡಿದೆ ಎನ್ನುವ ಗಾಡಿಯ ಕ್ಲಚ್ ಪೆಡಲ್ ರಬ್ಬರ್ ನುಣುಪಾಗಿ, ಸ್ಟೇರಿಂಗ್ ಹೊಳೆಯುತ್ತಾ, ಡ್ರೈವರ್ ಸೀಟಿನ ಅಂಚು ಕುಸಿದಿದ್ದರೆ ನಂಬಬೇಡಿ. ಟೈರ್ ಪಕ್ಕದ ನಾಲ್ಕು ಅಂಕಿಯನ್ನೂ ಓದಿ. 2319 ಎಂದರೆ 2019ರ 23ನೇ ವಾರದ್ದು.

ಟೈಮಿಂಗ್ ಬೆಲ್ಟ್ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಲಿನಿಯಾ ಟಿ-ಜೆಟ್, ಪೋಲೋ 1.5 ಟಿಡಿಐ ಡೀಸೆಲ್, ಫಿಗೋ 1.5 ಡೀಸೆಲ್ ಇವೆಲ್ಲ ಬೆಲ್ಟ್ ಎಂಜಿನ್. ಬೆಲ್ಟ್ ಕಿತ್ತರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಹಾಳಾಗುತ್ತದೆ. "ಬದಲಾಯಿಸಿದ್ದೀನಿ" ಎಂಬ ಮಾತು ಸಾಲದು. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ಲೆಕ್ಕ ಹಾಕಿ, ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಲೇಬರ್ ಅಷ್ಟನ್ನೂ ಕಳೆಯಿರಿ.

## ಹಂತ 7: ಈಗ ಓಡಿಸಿ

ಮೊದಲು ನಿಧಾನ, ಆಮೇಲೆ ವೇಗ. ದಾವಣಗೆರೆಯ ಪಿ.ಬಿ. ರಸ್ತೆಯ ಟ್ರಾಫಿಕ್ ತರದ ಜಾಗ ಹುಡುಕಿ. ಡಿಎಸ್‌ಜಿ ಗಾಡಿಯನ್ನು ಅಲ್ಲಿ ಬ್ರೇಕ್ ಬಿಟ್ಟು ತೆವಳಲು ಬಿಡಿ. ಒಂದರಿಂದ ಎರಡಕ್ಕೆ ಹೋಗುವಾಗ ನಡುಕ, ಏರಿನಲ್ಲಿ ರಿವರ್ಸ್ ಹಾಕಿದರೆ ತಡ, ಮೀಟರ್‌ನಲ್ಲಿ ಗೇರ್ ಗುರುತು ಮಿಣುಕುವುದು ಇವೆಲ್ಲ ಕ್ಲಚ್ ಅಥವಾ ಮೆಕಾಟ್ರಾನಿಕ್ (ಗೇರ್‌ಬಾಕ್ಸ್ ನಿಯಂತ್ರಿಸುವ ಘಟಕ) ಕೆಟ್ಟಿರುವ ಸೂಚನೆ. ಎರಡೂ ದೊಡ್ಡ ಖರ್ಚು. ಹೈವೇಯಲ್ಲಿ ಮಾತ್ರ ಓಡಿಸಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ನಮ್ಮ ಕಡೆ ನೆಲ ಚಪ್ಪಟೆ, ಕ್ಲಚ್ ಪರೀಕ್ಷೆಗೆ ಏರು ಬೇಕು. ಚಿತ್ರದುರ್ಗದವರಿಗೆ ಜೋಗಿಮಟ್ಟಿ ರಸ್ತೆ ಇದೆ, ದಾವಣಗೆರೆಯವರು ಯಾವುದಾದರೂ ಫ್ಲೈಓವರ್ ಏರು ಹುಡುಕಿಕೊಳ್ಳಿ. ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಆಮೇಲೆ ಹೈವೇ. ಸ್ಟೇರಿಂಗ್ ಒಂದು ಕಡೆ ಎಳೆಯುತ್ತದಾ, ಬ್ರೇಕ್ ಒತ್ತಿದಾಗ ಅದುರುತ್ತದಾ ನೋಡಿ. ವಾಪಸ್ ಬಂದು ಎಸಿ ಹಾಕಿ ಹತ್ತು ನಿಮಿಷ ನಿಂತಲ್ಲೇ ಬಿಡಿ. ನಮ್ಮ ಬೇಸಿಗೆಗೆ ಐಡಲ್‌ನಲ್ಲಿ ತಣ್ಣಗಾಗದ ಎಸಿ ಇದ್ದೂ ಇಲ್ಲದಂತೆ.

## ಹಂತ 8: ಲಿಫ್ಟ್ ಮೇಲೆ ಏರಿಸಿ

ಮಾರುವವರ ಮೆಕ್ಯಾನಿಕ್ ಬೇಡ, ನಿಮ್ಮವರು ಬೇಕು. ಆಯಿಲ್ ಲೀಕ್, ಸಸ್ಪೆನ್ಷನ್ ಬುಷ್, ಡ್ರೈವ್‌ಶಾಫ್ಟ್ ಬೂಟ್, ಸೈಲೆನ್ಸರ್ ತುಕ್ಕು ನೋಡಿ ಪ್ರತಿಯೊಂದಕ್ಕೂ ಅಂದಾಜು ಖರ್ಚು ಬರೆಸಿಕೊಳ್ಳಿ. ಲಿಫ್ಟ್‌ಗೆ ಒಪ್ಪದವರ ಹತ್ತಿರ ಕೊಳ್ಳಬೇಡಿ.

## ಹಂತ 9: ಮಾಡಿಫಿಕೇಶನ್‌ಗೆ ಬೆಲೆ ಕೊಡಬೇಡಿ

ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. "ರೀಮ್ಯಾಪ್‌ಗೆ 35, ಡೌನ್‌ಪೈಪ್‌ಗೆ 40, ಅಲಾಯ್‌ಗೆ 60 ಸಾವಿರ ಹಾಕಿದ್ದೀನಿ" ಎಂದು ಪಟ್ಟಿ ಕೊಡುತ್ತಾರೆ. (ರೀಮ್ಯಾಪ್ ಎಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾಯಿಸುವುದು, ಡೌನ್‌ಪೈಪ್ ಎಂದರೆ ಟರ್ಬೋದಿಂದ ಹೊರಡುವ ಹೊಗೆ ಪೈಪ್.) ಅವರು ಖರ್ಚು ಮಾಡಿದ್ದು ಅವರ ಸಂತೋಷಕ್ಕೆ. ಆ ದುಡ್ಡಿನ ಸಂತೋಷ ಅವರು ಆಗಲೇ ಅನುಭವಿಸಿದ್ದಾರೆ. ನಿಮ್ಮ ಕೈಗೆ ಬರುವುದು ಜಾಸ್ತಿ ಒತ್ತಡದಲ್ಲಿ ದುಡಿದ ಎಂಜಿನ್, ಟರ್ಬೋ, ಗೇರ್‌ಬಾಕ್ಸ್.

ಕಾನೂನೂ ಅವರ ಪರ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಬಣ್ಣ ಬದಲಾಗಿದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಇನ್ಶೂರೆನ್ಸ್ ಕ್ಲೇಮ್ ಸಮಯದಲ್ಲಿ ಇವೆಲ್ಲ ತಕರಾರಿಗೆ ಕಾರಣವಾಗುತ್ತವೆ.

ಹಾಗಾಗಿ ಉಲ್ಟಾ ಲೆಕ್ಕ ಹಾಕಿ. ಗಾಡಿಯನ್ನು ಮತ್ತೆ ಸ್ಟಾಕ್, ಅಂದರೆ ಕಂಪನಿಯಿಂದ ಬಂದಂತೆ ಮಾಡಲು ಎಷ್ಟಾಗುತ್ತದೆ, ಅದನ್ನು ಕಳೆಯಿರಿ. ಬಿಚ್ಚಿದ ಮೂಲ ಸ್ಪ್ರಿಂಗ್, ಎಕ್ಸಾಸ್ಟ್, ವೀಲ್‌ಗಳನ್ನು ಜೋಪಾನವಾಗಿ ಇಟ್ಟು ಗಾಡಿಯ ಜೊತೆಗೇ ಕೊಟ್ಟರೆ ಆ ಕಡಿತ ಬಹಳ ಕಡಿಮೆಯಾಗುತ್ತದೆ, ಅಂಥ ಮಾಲೀಕರಿಗೆ ಮರ್ಯಾದೆಯನ್ನೂ ಕೊಡಬೇಕು. ಇವತ್ತಿಗೂ ಪೂರ್ತಿ ಸ್ಟಾಕ್ ಇರುವ, ಬಿಲ್‌ಗಳೆಲ್ಲ ಇರುವ, ಎರಡನೇ ಕೀ ಇರುವ ಗಾಡಿಗೆ ಐದರಿಂದ ಹತ್ತು ಪರ್ಸೆಂಟ್ ಮೇಲೆ ಕೊಟ್ಟರೂ ಅದು ನ್ಯಾಯವೇ ಎಂಬುದು ನನ್ನ ಅಭಿಪ್ರಾಯ.

ತಯಾರಿಕೆಯೇ ನಿಂತ ಗಾಡಿಗಳಿಗೆ ಇದು ಇನ್ನೂ ಮುಖ್ಯ. ಫೋರ್ಡ್ 2021ರಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಫಿಯೆಟ್ ಬಿಎಸ್6 ಎಂಬ ಹೊಸ ಹೊಗೆ ನಿಯಮಕ್ಕೆ ಬರಲೇ ಇಲ್ಲ, ಪೋಲೋ 2022ರಲ್ಲಿ ನಿಂತಿತು. ಎಂಜಿನ್ ಪಾರ್ಟ್ಸ್ ಹೇಗೋ ಸಿಗುತ್ತವೆ. ಹೆಡ್‌ಲೈಟ್, ಬಂಪರ್, ಒಳಗಿನ ಪ್ಲಾಸ್ಟಿಕ್ ಹುಡುಕುವುದೇ ಕಷ್ಟ. ಮುರಿದದ್ದಕ್ಕೆ ಬೆಲೆ ಕಳೆಯುವ ಮೊದಲು ಅದು ಸಿಗುತ್ತದಾ ಎಂದು ಫೋನ್ ಮಾಡಿ ಕೇಳಿ.

## ಹಂತ 10: ಕಾಗದದ ಮೇಲೆ ಲೆಕ್ಕ

ಅಂಕಿಗಳು ರೀತಿ ತೋರಿಸಲು ಮಾತ್ರ, ನಿಮ್ಮ ಗಾಡಿಗೆ ನಿಮ್ಮದೇ ಅಂಕಿ ಹಾಕಿ.

ಚೆನ್ನಾಗಿರುವ ಗಾಡಿಯ ಬೆಲೆ: 6,00,000
ನಾಲ್ಕು ಟೈರ್: 30,000
ಟೈಮಿಂಗ್ ಬೆಲ್ಟ್ ಕೆಲಸ: 20,000
ಮುಂದಿನ ಸಸ್ಪೆನ್ಷನ್: 18,000
ಬ್ಯಾಟರಿ: 6,000
ಸ್ಟಾಕ್‌ಗೆ ತರಲು: 25,000
ಇನ್ಶೂರೆನ್ಸ್, ಟ್ರಾನ್ಸ್‌ಫರ್: 20,000
ಕಳೆದ ಮೇಲೆ: 4,81,000

ಇನ್ನೂ ಕೆಡದ, ಆದರೆ ಕೆಡುವ ಹೆಸರಿರುವ ಭಾಗಕ್ಕೆ ಸ್ವಲ್ಪ ಪಕ್ಕಕ್ಕಿಡಬೇಕು. ಡಿಎಸ್‌ಜಿ ಗಾಡಿಯಾದರೆ ಇನ್ನೊಂದು 40,000 ಕಳೆಯಿರಿ, 4,41,000 ಆಯಿತು. ನಿಮ್ಮ ಕೊನೆಯ ಬೆಲೆ ಅದು. ಗಾಡಿ ಹತ್ತಿರ ಹೋಗಿ ಈ ಅಂಕಿಯನ್ನು ಏರಿಸಬೇಡಿ.

ಒಂದೇ ವಿಷಯಕ್ಕೆ ಎರಡು ಸಲ ಕಳೆಯುವುದೂ ತಪ್ಪು. ಚೆನ್ನಾಗಿರುವ ಗಾಡಿಯ ಟೈರ್ ಕೂಡ ಅರ್ಧ ಸವೆದಿರುತ್ತದೆ, ಆ ಬೆಲೆಯಲ್ಲಿ ಅದು ಸೇರಿದೆ. ಈ ಗಾಡಿಯ ಟೈರ್ ಪೂರ್ತಿ ಮುಗಿದಿದ್ದರೆ ಮಾತ್ರ ಕಳೆಯಿರಿ. ಸಣ್ಣ ಗೀರುಗಳಿಗೆಲ್ಲ ಕಳೆಯುತ್ತಾ ಹೋದರೆ ಯಾರೂ ನಿಮಗೆ ಗಾಡಿ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಇನ್ಶೂರೆನ್ಸ್‌ನ ಐಡಿವಿಯನ್ನು (ಪಾಲಿಸಿಯಲ್ಲಿ ಗಾಡಿಗೆ ಬರೆದಿರುವ ಮೌಲ್ಯ) ಬೆಲೆ ಎಂದು ತಿಳಿಯಬೇಡಿ, ಆದರೆ ನೋಡದೆಯೂ ಬಿಡಬೇಡಿ. 6 ಲಕ್ಷ ಕೊಟ್ಟು ಕೊಂಡ ಗಾಡಿಯ ಐಡಿವಿ 3 ಲಕ್ಷ ಇದ್ದರೆ, ಗಾಡಿ ಕಳುವಾದಾಗ ಕೈಗೆ ಬರುವುದು ಹೆಚ್ಚೆಂದರೆ ಆ 3 ಲಕ್ಷ. ಉಳಿದ 3 ಲಕ್ಷದ ರಿಸ್ಕ್ ಪೂರ್ತಿ ನಿಮ್ಮದು.

## ಹಂತ 11: ಮಾತು, ದುಡ್ಡು, ಕಾಗದ

ಗಾಡಿಯನ್ನು ಹೀಯಾಳಿಸಬೇಡಿ. ಇಂಥ ಗಾಡಿ ಇಟ್ಟವರು ಅದನ್ನು ಮನೆ ಮಗುವಿನಂತೆ ನೋಡಿಕೊಂಡಿರುತ್ತಾರೆ. ನಿಮ್ಮ ಪಟ್ಟಿ ತೆಗೆದು ಮುಂದಿಡಿ, "ಸರ್, ಇದಿಷ್ಟು ಕೆಲಸ ಇದೆ, ಇದಿಷ್ಟು ಖರ್ಚು, ಹೀಗಾಗಿ ನಾನು ಕೊಡಬಹುದಾದದ್ದು ಇಷ್ಟು" ಎನ್ನಿ. ಒಪ್ಪದಿದ್ದರೆ ನಂಬರ್ ಕೊಟ್ಟು ಬನ್ನಿ. ಮೂರು ವಾರದ ನಂತರ ಅವರೇ ಫೋನ್ ಮಾಡುವುದು ಅಪರೂಪವೇನಲ್ಲ.

"ಇವತ್ತು ಸಂಜೆ ಇನ್ನೊಬ್ಬರು ಬರ್ತಿದ್ದಾರೆ" ಎಂದರೆ ಬರಲಿ ಬಿಡಿ. ಟೋಕನ್ ಕೊಟ್ಟರೆ ಯಾವ ಗಾಡಿ, ಒಟ್ಟು ಎಷ್ಟು, ಯಾವ ದಿನದೊಳಗೆ, ಕಾಗದ ಸರಿ ಇಲ್ಲದಿದ್ದರೆ ವಾಪಸ್ ಎಂದು ಬರೆಸಿಕೊಳ್ಳಿ. ಉಳಿದದ್ದನ್ನು ಆರ್‌ಸಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಹಾಕಿ, ಅಣ್ಣನದೋ ಗೆಳೆಯನದೋ ಖಾತೆಗೆ ಬೇಡ. ಗಾಡಿ ನಿಮ್ಮ ಹೆಸರಿಗೆ ಆಗಲು ಬೇಕಾದ ಫಾರ್ಮ್ 29, 30ಕ್ಕೆ ಸಹಿ ಆಗಬೇಕು. ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ, ಹಿಂದಿನ ಚಲನ್‌ಗಳು ಯಾರ ಪಾಲಿಗೆ ಎಂಬ ಜಗಳ ಅದರಿಂದ ತಪ್ಪುತ್ತದೆ.

ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಾಯಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ಬರುತ್ತದೆ, ನಿಮ್ಮ ಗಾಡಿಗೆ ಆಗುವ ಹಾನಿಯ ಭಾಗ ಹಾಗೆ ತಾನಾಗಿ ಬರುವುದಿಲ್ಲ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ) ಹಳೇ ಮಾಲೀಕರದು, ಅದರ ವ್ಯತ್ಯಾಸದ ಹಣ ನೀವು ಕಟ್ಟಬೇಕು. ಬೆಂಗಳೂರಿನಲ್ಲಿ ಕೊಂಡರೆ ಈ ಅರ್ಜಿಯನ್ನು ಅಲ್ಲೇ, ಅದೇ ದಿನ ಹಾಕಿ, ಆಮೇಲೆ ಗಾಡಿಯನ್ನು ಹೈವೇಗೆ ಇಳಿಸಿ.